ತಾವರೆಯ ಮೇಲಣ ಶಿಲುಬೆ

ಒಂದು ಮತವು ತಾನು ಹುಟ್ಟಿದ ನೆಲವನ್ನು ಬಿಟ್ಟು ಮತ್ತೊಂದು ನೆಲಕ್ಕೆ ಹೋಗುವಾಗ ತನ್ನ ತತ್ತ್ವಗಳನ್ನು ಮಾತ್ರವೇ ಹೊತ್ತುಕೊಂಡು ಹೋಗುವುದಿಲ್ಲ. ತನ್ನ ದೇವರ ಮುಖ, ಆ ದೇವರ ತಾಯಿಯ ಉಡುಗೆ, ದೇವಾಲಯದ ಮಾಡು, ಹಬ್ಬದ ಬಣ್ಣ ಇವೆಲ್ಲವನ್ನೂ ಸಂಗಡ ಒಯ್ಯುತ್ತದೆ. ಹೊಸ ನೆಲದ ಜನ ತತ್ತ್ವವನ್ನು ಒಪ್ಪಿದರೂ ಒಪ್ಪಬಹುದು. ಆದರೆ ಆ ಮುಖವೂ ಆ ಉಡುಗೆಯೂ ತಮ್ಮವಲ್ಲವೆಂಬ ಅರಿವು ಅವರಿಗೆ ಬಾರದೆ ಇರದು. ಆಗ ಏಳುವ ಪ್ರಶ್ನೆ ಮೇಲುನೋಟಕ್ಕೆ ಕಲೆಯ ಪ್ರಶ್ನೆಯಂತೆ ತೋರಿದರೂ ನಿಜವಾಗಿ ಬಾಳಿನ ಪ್ರಶ್ನೆ: ಈ ದೇವರನ್ನು ನಂಬಿದ ಮೇಲೂ ನಾನು ನನ್ನ ಜನರ ನಡುವಿನವನಾಗಿ ಉಳಿಯಬಲ್ಲೆನೆ?

ಚೀನಾ ದೇಶದಲ್ಲಿ ಈ ಪ್ರಶ್ನೆ ಬಹು ತೀವ್ರವಾಗಿ ಎದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಒಂದು ಚುಚ್ಚುಮಾತು ಬಳಕೆಯಲ್ಲಿತ್ತು: ಕ್ರೈಸ್ತನೊಬ್ಬ ಹೆಚ್ಚಿದರೆ ಚೀನೀಯನೊಬ್ಬ ಕಡಮೆಯಾದನೆಂದೇ ಲೆಕ್ಕ. ಈ ಮಾತಿಗೆ ಪಂಡಿತರು ಗ್ರಂಥಗಳಲ್ಲಿ ಉತ್ತರ ಕೊಟ್ಟರು, ದೇಶಾಭಿಮಾನಿಗಳು ಭಾಷಣಗಳಲ್ಲಿ ಉತ್ತರ ಕೊಟ್ಟರು. ಚಿತ್ರಕಾರರು ಕುಂಚದಿಂದ ಉತ್ತರ ಕೊಟ್ಟರು. ಆ ಉತ್ತರದ ಕತೆಯನ್ನು ಸ್ಥೂಲವಾಗಿ ಹೇಳಿ, ಎರಡು ಸಂಸ್ಕೃತಿಗಳ ಸಂಕೇತಗಳು ಒಂದೇ ಚಿತ್ರದಲ್ಲಿ ಕೂಡಿದಾಗ ಯಾವುದು ನಿಜವಾದ ಬೆಸುಗೆ, ಯಾವುದು ಬರಿಯ ವೇಷ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಇದು ಕೃತಿಗಳನ್ನು ಮುದ್ರಿತ ಪ್ರತಿಗಳಲ್ಲಿ ಮಾತ್ರ ಕಂಡ ವಿದ್ಯಾರ್ಥಿಯೊಬ್ಬನ ವಿಚಾರ ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

೧. ಸಂಕೇತದ ಅರ್ಥ ಎಲ್ಲಿದೆ?

ಸಂಕೇತದ ಅರ್ಥ ವಸ್ತುವಿನಲ್ಲಿಲ್ಲ. ಅದನ್ನು ಬಳಸುವ ಜನರ ರೂಢಿಯಲ್ಲಿದೆ. ಕ್ರೈಸ್ತ ಕಲೆಯಲ್ಲಿ ಶಿಲುಬೆ, ಕುರಿಮರಿ, ಪಾರಿವಾಳ, ಮೀನು, ರೊಟ್ಟಿ, ದ್ರಾಕ್ಷಾರಸ ಇವು ಬಲು ಹಳೆಯ ಸಂಕೇತಗಳು. ಚೀನೀ ಕಲೆಯಲ್ಲಿ ತಾವರೆ, ಮೋಡ, ಬಿದಿರು, ಚಳಿಯಲ್ಲಿ ಅರಳುವ ಪ್ಲಮ್ ಹೂವು, ಕೊಕ್ಕರೆ, ಡ್ರ್ಯಾಗನ್ ಇವು ಅಷ್ಟೇ ಹಳೆಯವು. ಇವನ್ನು ಒಂದೆಡೆ ತಂದಿಟ್ಟ ಮಾತ್ರಕ್ಕೆ ಅವು ಕೂಡಿಕೊಳ್ಳುವುದಿಲ್ಲ. ಕೆಲವು ವೇಳೆ ನೇರವಾಗಿ ಡಿಕ್ಕಿ ಹೊಡೆಯುತ್ತವೆ.

ಬಣ್ಣಗಳನ್ನೇ ನೋಡೋಣ. ಪಾಶ್ಚಾತ್ಯ ಕ್ರೈಸ್ತರಲ್ಲಿ ಬಿಳಿಯದು ಪಾವಿತ್ರ್ಯದ ಬಣ್ಣ, ಮದುವಣಗಿತ್ತಿಯ ಬಣ್ಣ. ಕೆಂಪು ಧರ್ಮಕ್ಕಾಗಿ ಪ್ರಾಣ ತೆತ್ತವರ ರಕ್ತದ ಬಣ್ಣ. ಚೀನೀಯರಲ್ಲಿ ಬಿಳಿಯದು ಸಾವಿನ ಮನೆಯ ಬಣ್ಣ. ಕೆಂಪು ಮದುವೆಯ, ಹೊಸವರ್ಷದ, ಮಂಗಳದ ಬಣ್ಣ. ಡ್ರ್ಯಾಗನ್ ಚೀನಾದಲ್ಲಿ ಮಳೆ ತರುವ ಶುಭಪ್ರಾಣಿ, ಚಕ್ರವರ್ತಿಯ ಲಾಂಛನ. ಬೈಬಲಿನ ಕಡೆಯ ಗ್ರಂಥವಾದ ಪ್ರಕಟನೆಯಲ್ಲಾದರೋ ಅದು ಸೈತಾನನ ರೂಪ. ಹೀಗಿರುವಾಗ ಚೀನೀ ದೇವಾಲಯದ ಕಂಬಕ್ಕೆ ಡ್ರ್ಯಾಗನ್ ಸುತ್ತಿಸಬೇಕೆ ಬೇಡವೆ ಎಂಬುದು ಶಿಲ್ಪಿಯೊಬ್ಬನೇ ಬಿಡಿಸಬಲ್ಲ ಸಮಸ್ಯೆಯಲ್ಲ.

ಇನ್ನು ಕೆಲವು ವೇಳೆ ಯಾರೂ ನಿರೀಕ್ಷಿಸದ ಕಡೆ ಹೊಂದಾಣಿಕೆ ಕಾಣುತ್ತದೆ. ಚೀನೀ ಲಿಪಿಯಲ್ಲಿ ‘ಧರ್ಮ’ ಅಥವಾ ‘ನೀತಿ’ ಎಂಬರ್ಥದ ‘ಯಿ’ ಎಂಬ ಅಕ್ಷರವಿದೆ. ಅದರ ಹಳೆಯ ರೂಪದಲ್ಲಿ ಮೇಲೆ ಕುರಿ ಎಂಬ ಚಿಹ್ನೆ, ಕೆಳಗೆ ನಾನು ಎಂಬ ಚಿಹ್ನೆ. ಇದನ್ನು ಕಂಡ ಚೀನೀ ಕ್ರೈಸ್ತರು, ನನ್ನನ್ನು ಮರೆಮಾಡುವ ಕುರಿಮರಿಯಿಂದಲೇ ನಾನು ನೀತಿವಂತನಾಗುತ್ತೇನೆ ಎಂದು ಅದನ್ನು ಓದಿದರು. ಅಕ್ಷರ ಹುಟ್ಟಿದುದು ಕ್ರಿಸ್ತನಿಗಿಂತ ಎಷ್ಟೋ ಶತಮಾನ ಮೊದಲು. ಭಾಷಾಶಾಸ್ತ್ರದ ದೃಷ್ಟಿಯಿಂದ ಈ ಓದು ನಿಲ್ಲುವುದಿಲ್ಲ. ಆದರೂ ಅದು ಸುಳ್ಳು ವ್ಯುತ್ಪತ್ತಿಯಾಗಿಯೂ ನಿಜವಾದ ಸಂಕೇತವಾಗಿದೆ. ಏಕೆಂದರೆ ತಮ್ಮ ಮನೆಯ ಅಕ್ಷರದೊಳಗೇ ತಮ್ಮ ನಂಬಿಕೆಗೆ ಎಡೆಯಿದೆಯೆಂದು ಜನ ಅದರಲ್ಲಿ ಕಂಡರು. ಮುಂದೆ ಬರುವ ಎಲ್ಲ ಕಲಾಕೃತಿಗಳ ಹಿಂದೆಯೂ ಈ ಹುಡುಕಾಟವೇ ಇದೆ.

೨. ಶಿಯಾನಿನ ಶಾಸನ

ಶಾಸನಗಳ ನಾಡಿನವರಾದ ನಮಗೆ ಈ ಕತೆ ಒಂದು ಶಿಲಾಶಾಸನದಿಂದ ಆರಂಭವಾಗುವುದು ಸಂತೋಷದ ವಿಷಯ. ತಾಂಗ್ ಅರಸರ ರಾಜಧಾನಿಯಾಗಿದ್ದ ಚಾಂಗಾನ್ ನಗರಕ್ಕೆ, ಅಂದರೆ ಈಗಿನ ಶಿಯಾನಿಗೆ, ಕ್ರಿ. ಶ. ೬೩೫ರಲ್ಲಿ ಅಲೋಪೆನ್ ಎಂಬ ಕ್ರೈಸ್ತ ಸಂನ್ಯಾಸಿ ಪಶ್ಚಿಮದಿಂದ ಬಂದನು. ಇವನು ಪರ್ಷಿಯಾ ಕಡೆಯಲ್ಲಿ ಹರಡಿದ್ದ, ಸಿರಿಯಾ ಭಾಷೆಯಲ್ಲಿ ಪೂಜೆ ನಡೆಸುತ್ತಿದ್ದ ಪೂರ್ವದ ಸಭೆಗೆ ಸೇರಿದವನು. ಕೇರಳದ ಹಳೆಯ ಕ್ರೈಸ್ತರಿಗೂ ಸಂಬಂಧವಿದ್ದುದು ಇದೇ ಸಭೆಯೊಡನೆ. ಅಲೋಪೆನ್ನನ ಆಗಮನವನ್ನೂ ಅವನ ಮತದ ಮುಂದಿನ ಇತಿಹಾಸವನ್ನೂ ಹೇಳುವ ಶಾಸನವೊಂದನ್ನು ೭೮೧ರಲ್ಲಿ ನಿಲ್ಲಿಸಲಾಯಿತು. ಅದರಲ್ಲಿ ಸುಮಾರು ೧,೮೦೦ ಚೀನೀ ಅಕ್ಷರಗಳೂ ಸ್ವಲ್ಪ ಸಿರಿಯಾ ಲಿಪಿಯ ಬರಹವೂ ಇವೆ. ೮೪೫ರಲ್ಲಿ ಚಕ್ರವರ್ತಿ ಊತ್ಸುಂಗನು ಬೌದ್ಧ ಮೊದಲಾದ ಪರದೇಶದ ಮತಗಳನ್ನು ಹತ್ತಿಕ್ಕಿದ ಮೇಲೆ ಈ ಸಭೆ ಕ್ಷೀಣಿಸಿತು. ಶಾಸನವೂ ಮಣ್ಣುಪಾಲಾಗಿ, ೧೬೨೦ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದಿತು. ಈಗ ಅದು ಶಿಯಾನಿನ ಶಾಸನ ಸಂಗ್ರಹಾಲಯದಲ್ಲಿದೆ.

ಈ ಕಲ್ಲಿನ ನೆತ್ತಿಯಲ್ಲಿ ಒಂದು ಸಣ್ಣ ಶಿಲುಬೆಯಿದೆ. ಅದು ನಿಂತಿರುವುದು ತಾವರೆಯ ಮೇಲೆ. ಅದರ ಸುತ್ತ ಮೋಡಗಳಿವೆ. ಎಲ್ಲಕ್ಕೂ ಮೇಲೆ ಹೆಣೆದುಕೊಂಡ ಡ್ರ್ಯಾಗನ್‌ಗಳಿವೆ. ತಾವರೆ ಬೌದ್ಧರದು, ಮೋಡ ದಾವ್ ಮತದವರಿಗೆ ಪ್ರಿಯವಾದುದು, ಡ್ರ್ಯಾಗನ್ ಅರಸೊತ್ತಿಗೆಯ ಗುರುತು. ಶಿಲುಬೆ ಇವುಗಳನ್ನು ತುಳಿದು ನಿಂತಿದೆಯೆ, ಇವುಗಳಿಂದ ಅರಳಿ ಬಂದಿದೆಯೆ ಎಂದು ಕೇಳಿದರೆ ಕಲ್ಲು ಉತ್ತರ ಕೊಡುವುದಿಲ್ಲ. ಆದರೆ ಶಾಸನದ ಕರ್ತೃವಾದ ಜಿಂಗ್‌ಜಿಂಗನ ಬಾಳಿನಿಂದ ಒಂದು ಉತ್ತರವನ್ನು ಊಹಿಸಬಹುದು. ಭಾರತದ ವಾಯವ್ಯ ದಿಕ್ಕಿನಿಂದ ಚೀನಾಕ್ಕೆ ಹೋಗಿದ್ದ ಪ್ರಜ್ಞ ಎಂಬ ಬೌದ್ಧ ಭಿಕ್ಷುವಿನೊಡನೆ ಕುಳಿತು ಇವನು ಒಂದು ಬೌದ್ಧ ಸೂತ್ರವನ್ನು ಚೀನೀ ಭಾಷೆಗೆ ತರಲು ದುಡಿದನೆಂದು ಆ ಕಾಲದ ಬೌದ್ಧ ಗ್ರಂಥಸೂಚಿಯೊಂದು ಹೇಳುತ್ತದೆ. ಅನುವಾದ ಸಮರ್ಪಕವಾಗಲಿಲ್ಲವೆಂದೂ ಅದೇ ಗ್ರಂಥ ಆಕ್ಷೇಪಿಸುತ್ತದೆ. ಅದಂತಿರಲಿ. ತಾವರೆಯ ಮೇಲೆ ಶಿಲುಬೆಯನ್ನಿಟ್ಟ ಜನ ತಾವರೆಯವರ ಪಕ್ಕದಲ್ಲಿ ಕುಳಿತು ಕೆಲಸಮಾಡಿದವರು ಎಂಬುದು ಮುಖ್ಯ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತಾವರೆಯ ಗಿಡ ಚೀನಾದ ಕೆರೆಗಳಲ್ಲಿ ಮೊದಲಿನಿಂದಲೂ ಬೆಳೆಯುತ್ತಿತ್ತು. ಆದರೆ ದೇವರ ಪೀಠವಾಗಿ ತಾವರೆ ಅಲ್ಲಿಗೆ ಹೋದುದು ಭಾರತದ ಬೌದ್ಧರೊಡನೆ. ಒಂದಾನೊಂದು ಕಾಲದಲ್ಲಿ ಅದೂ ಪರದೇಶದ ಸಂಕೇತವೇ. ಶಿಯಾನಿನ ಶಿಲ್ಪಿ ಅದನ್ನು ಕೆತ್ತುವ ಹೊತ್ತಿಗೆ ಅದು ಅಪ್ಪಟ ಚೀನೀ ಹೂವಾಗಿಬಿಟ್ಟಿತ್ತು. ತನ್ನದು, ಪರರದು ಎಂಬ ಗೆರೆಯನ್ನು ಕಾಲ ಹೇಗೆ ಸರಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ತಾವರೆಯ ಮೇಲಣ ಶಿಲುಬೆ ಅಲ್ಲಿಗೇ ಕೊನೆಗೊಳ್ಳಲಿಲ್ಲ. ಮಂಗೋಲ್ ಅರಸರ ಕಾಲದಲ್ಲಿ, ೧೩-೧೪ನೆಯ ಶತಮಾನಗಳಲ್ಲಿ, ದಕ್ಷಿಣದ ಬಂದರಾದ ಚುವಾನ್‌ಚೌ ನಗರದ ಕ್ರೈಸ್ತ ಗೋರಿಗಲ್ಲುಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಅಲ್ಲಿಯ ದೇವದೂತರು ಬೌದ್ಧ ಗುಹೆಗಳ ಗಂಧರ್ವರಂತೆ ಗಾಳಿಯಲ್ಲಿ ಸೆರಗು ಹಾರಿಸುತ್ತ ತೇಲುತ್ತಾರೆ.

೩. ರಿಚ್ಚಿಯ ಕಾಲ

ಎರಡನೆಯ ಪ್ರಯತ್ನ ಯೂರೋಪಿನ ಜೆಸ್ವಿಟ್ ಪಾದ್ರಿಗಳದು. ಇಟಲಿಯ ಮತ್ತೆಯೊ ರಿಚ್ಚಿ ೧೫೮೨ರಲ್ಲಿ ಮಕಾವಿಗೆ ಬಂದು, ಚೀನೀ ಭಾಷೆ ಕಲಿತು, ಚೀನೀ ವಿದ್ವಾಂಸರ ಉಡುಪು ಧರಿಸಿ, ೧೬೦೧ರಲ್ಲಿ ಬೀಜಿಂಗ್ ಸೇರಿದನು. ದಾರಿಯಲ್ಲಿ ಅವನಿಗಾದ ಒಂದು ಅನುಭವ ನಮ್ಮ ವಿಷಯಕ್ಕೆ ಬಹು ಉಪಯುಕ್ತ. ಮಾ ತಾಂಗ್ ಎಂಬ ಅಧಿಕಾರಿ ಅವನ ಸಾಮಾನುಗಳನ್ನು ಶೋಧಿಸುವಾಗ, ಮೊಳೆ ಹೊಡೆದು ರಕ್ತ ಸುರಿಯುತ್ತಿರುವ ಮನುಷ್ಯನ ಮರದ ಪ್ರತಿಮೆಯೊಂದು ಸಿಕ್ಕಿತು. ಇದು ಚಕ್ರವರ್ತಿಯನ್ನು ಕೊಲ್ಲಲು ಮಾಡಿದ ಮಾಟವೆಂದೇ ಆತ ಕೂಗೆಬ್ಬಿಸಿದನು. ಯೂರೋಪಿನಲ್ಲಿ ಪರಮ ಪ್ರೇಮದ ಗುರುತಾದ ವಸ್ತು ಚೀನೀ ಅಧಿಕಾರಿಯ ಕಣ್ಣಿಗೆ ಅಭಿಚಾರದ ಬೊಂಬೆಯಾಯಿತು. ಅವನನ್ನು ಮೂಢನೆಂದು ನಗುವಂತಿಲ್ಲ. ರೂಢಿಯ ಪರಿಚಯವಿಲ್ಲದವನಿಗೆ ಅದು ಹಾಗೆ ತೋರುವುದೇ ಸಹಜ.

ಆದುದರಿಂದ ಪಾದ್ರಿಗಳು ಚಿತ್ರಗಳ ವಿಷಯದಲ್ಲಿ ಎಚ್ಚರಿಕೆ ತಂದುಕೊಂಡರು. ಸುಮಾರು ೧೬೧೯ರಲ್ಲಿ ಜೊವಾವ್ ದ ರೋಷ ಎಂಬ ಪಾದ್ರಿ ಪ್ರಕಟಿಸಿದ ಜಪಮಾಲೆಯ ಪುಸ್ತಕದಲ್ಲಿ ಯೂರೋಪಿನ ತಾಮ್ರದಚ್ಚಿನ ಚಿತ್ರಗಳನ್ನು ಚೀನೀ ಮರದಚ್ಚಿನ ಕೆಲಸದವರು ತಮ್ಮ ರೀತಿಗೆ ಒಗ್ಗಿಸಿಕೊಂಡಿದ್ದಾರೆ. ದೇವದೂತನು ಮರಿಯಳಿಗೆ ಶುಭವಾರ್ತೆ ಹೇಳುವ ಕೋಣೆ ಚೀನೀ ಗೃಹಸ್ಥನ ಕೋಣೆ. ಅಲ್ಲಿರುವ ಪರದೆಯ ಮೇಲೆ ಬೆಟ್ಟ ನೀರುಗಳ ಚೀನೀ ಚಿತ್ರ. ಇದೇ ಕಾಲದ ಸುಮಾರಿಗೆ ಫೂಜಿಯನ್ ಪ್ರಾಂತದ ದೆಹುವಾದಲ್ಲಿ ಬಿಳಿಯ ಪಿಂಗಾಣಿಯ ಗುವಾನ್‌ಯಿನ್ ವಿಗ್ರಹಗಳು ಹೆಸರಾಗಿದ್ದವು. ನಮ್ಮ ಅವಲೋಕಿತೇಶ್ವರನೇ ಚೀನಾದಲ್ಲಿ ಕರುಣೆಯ ತಾಯಿಯಾಗಿ ಗುವಾನ್‌ಯಿನ್ ಆದುದನ್ನು ಬೌದ್ಧಧರ್ಮದ ಇತಿಹಾಸ ಓದಿದವರು ಬಲ್ಲರು. ಮಗುವನ್ನು ಕರುಣಿಸುವ ಗುವಾನ್‌ಯಿನ್ನಳ ತೊಡೆಯ ಮೇಲೆ ಮಗುವಿರುವ ವಿಗ್ರಹಕ್ಕೂ ಮಗು ಯೇಸುವನ್ನೆತ್ತಿಕೊಂಡ ಮರಿಯಳ ವಿಗ್ರಹಕ್ಕೂ ಇರುವ ಹೋಲಿಕೆ ವಿದ್ವಾಂಸರ ಚರ್ಚೆಗೆ ವಸ್ತುವಾಗಿದೆ. ಷಿಕಾಗೊ ನಗರದ ಫೀಲ್ಡ್ ಮ್ಯೂಸಿಯಂನಲ್ಲಿರುವ ಒಂದು ಸುರುಳಿಚಿತ್ರದಲ್ಲಂತೂ ತಾಯಿಯ ನಿಲವು ರೋಮಿನ ಪ್ರಸಿದ್ಧ ಮರಿಯ ಪಟದ್ದು. ಮಗು ಮಾತ್ರ ಚೀನೀ ಮನೆಯ ಮಗು.

ಈ ಬೆಸುಗೆ ಬೆಳೆಯಬಹುದಾಗಿತ್ತು. ಆದರೆ ಚೀನೀ ಕ್ರೈಸ್ತರು ಪಿತೃಗಳಿಗೂ ಕನ್‌ಫ್ಯೂಷಿಯಸನಿಗೂ ಮಾಡುವ ವಿಧಿಗಳು ಧರ್ಮಸಮ್ಮತವೆ ಎಂಬ ವಿವಾದ ಎದ್ದಿತು. ರೋಮಿನ ಪೋಪರು ೧೭೦೪, ೧೭೧೫, ೧೭೪೨ರ ಆಜ್ಞೆಗಳಿಂದ ಅವನ್ನು ನಿಷೇಧಿಸಿದರು. ಇತ್ತ ಚಕ್ರವರ್ತಿ ಯುಂಗ್‌ಜೆಂಗನು ೧೭೨೪ರಲ್ಲಿ ಕ್ರೈಸ್ತ ಮತವನ್ನೇ ನಿಷೇಧಿಸಿದನು. ನಿಷೇಧಕ್ಕೆ ನಿಷೇಧ ಜೊತೆಯಾದ ಮೇಲೆ ಕಲೆಗೆ ಎಡೆಯೆಲ್ಲಿ? ಪೋಪರ ಆಜ್ಞೆ ಸಡಿಲವಾದುದು ೧೯೩೯ರಲ್ಲಿ. ಈ ನಡುವೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಕ್ರೈಸ್ತಮತ ಮತ್ತೆ ಚೀನಾದೊಳಕ್ಕೆ ಬಂದುದು ಅಫೀಮಿನ ಯುದ್ಧಗಳಾದ ಮೇಲಿನ ಒಪ್ಪಂದಗಳ ಬಲದಿಂದ. ಗಾಥಿಕ್ ಗೋಪುರಗಳ ಇಗರ್ಜಿಗಳು ಎದ್ದವು. ಮೇಲೆ ಹೇಳಿದ ಚುಚ್ಚುಮಾತಿನ ಬೇರು ಇರುವುದು ಇಲ್ಲಿ.

೪. ಕೊಸ್ತಾಂತೀನಿ ಮತ್ತು ಚೆನ್ ಯುವಾನ್‌ದು

೧೯೨೨ರಲ್ಲಿ ಪೋಪರ ಪ್ರತಿನಿಧಿಯಾಗಿ ಚೀನಾಕ್ಕೆ ಬಂದ ಚೆಲ್ಸೊ ಕೊಸ್ತಾಂತೀನಿ ಕಲೆಯ ಮರ್ಮ ಬಲ್ಲವರು. ಪರದೇಶದ ಶೈಲಿಯಲ್ಲಿ ಕಟ್ಟಿದ ದೇವಾಲಯ ಕ್ರೈಸ್ತಮತವೇ ಪರದೇಶದ್ದೆಂದು ಸಾರುತ್ತದೆ ಎಂಬುದು ಅವರ ವಾದವಾಗಿತ್ತು. ೧೯೨೬ರಲ್ಲಿ ಆರು ಮಂದಿ ಚೀನೀ ಬಿಷಪ್ಪರಿಗೆ ರೋಮಿನಲ್ಲಿ ಪಟ್ಟವಾಯಿತು. ಬೀಜಿಂಗಿನ ಫೂ ಜೆನ್ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯಕ್ಕೆ ಬೆನಡಿಕ್ಟೀನ್ ಸಂನ್ಯಾಸಿ ಗ್ರೆಸ್ನಿಖ್ಟ್ ಎಂಬಾತ ಚೀನೀ ಶೈಲಿಯ ಕಟ್ಟಡವನ್ನು ರಚಿಸಿದನು. ಹೊರಟ ಮಾರ್ಗ ಹೊಸದು.

ಕೊಸ್ತಾಂತೀನಿಯವರು ಬೀಜಿಂಗಿನಲ್ಲಿ ಚೆನ್ ಯುವಾನ್‌ದು ಎಂಬ ಚಿತ್ರಕಾರನ ಕೃತಿಗಳನ್ನು ಕಂಡು ಮೆಚ್ಚಿ, ಸುವಾರ್ತೆಗಳನ್ನು ಓದಿ ಅವನ್ನು ತನ್ನದೇ ರೀತಿಯಲ್ಲಿ ಬರೆಯುವಂತೆ ಆತನನ್ನು ಕೇಳಿಕೊಂಡರು. ಚೆನ್ ಆಗ ಕ್ರೈಸ್ತನಲ್ಲ. ಚೀನೀ ಸಂಪ್ರದಾಯದಲ್ಲಿ ನುರಿತ ಕೈ ಆತನದು. ಆತ ರೇಷ್ಮೆಯ ಮೇಲೆ ಬರೆದ ಮರಿಯಳು ಚೀನೀ ಕುಲವಧು. ಅವಳ ಹಿಂದೆ ಕಾಣುವುದು ಮಂಜು ಮುಸುಕಿದ ಚೀನೀ ಬೆಟ್ಟ. ಚಿತ್ರ ಬರೆಯುತ್ತ ಬರೆಯುತ್ತ ಆ ಕತೆ ಆತನದೇ ಆಯಿತು. ೧೯೩೨ರಲ್ಲಿ ಆತ ದೀಕ್ಷೆ ಪಡೆದು ಲೂಕ ಎಂಬ ಹೆಸರಿಟ್ಟುಕೊಂಡನು. ಸಂಪ್ರದಾಯದ ಪ್ರಕಾರ ಸಂತ ಲೂಕನು ಚಿತ್ರಕಾರರ ಪಾಲಕ. ಚೆನ್ ಫೂ ಜೆನ್ನಿನ ಕಲಾವಿಭಾಗದಲ್ಲಿ ಬೋಧಿಸಿದನು. ಅಲ್ಲಿಂದ ಲು ಹಾಂಗ್‌ನಿಯನ್, ವಾಂಗ್ ಸುದಾ ಮೊದಲಾದ ಕಲಾವಿದರು ಬೆಳೆದರು.

ಪ್ರಾಟೆಸ್ಟೆಂಟರಲ್ಲಿಯೂ ಇಂಥದೇ ಪ್ರಯತ್ನ ನಡೆದಿತ್ತು. ನಾರ್ವೆಯ ಕಾರ್ಲ್ ಲುಡ್ವಿಗ್ ರೈಕೆಲ್ಟ್ ೧೯೩೦ರ ಸುಮಾರಿಗೆ ಹಾಂಗ್‌ಕಾಂಗಿನ ಬೆಟ್ಟವೊಂದರ ಮೇಲೆ ತಾವ್ ಫೋಂಗ್ ಶಾನ್ ಎಂಬ ಕೇಂದ್ರವನ್ನು ಸ್ಥಾಪಿಸಿದನು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಪ್ರಿಪ್-ಮೊಲ್ಲರ್ ಅದನ್ನು ಬೌದ್ಧ ವಿಹಾರದ ರೀತಿಯಲ್ಲಿ ಕಟ್ಟಿದನು. ಎಂಟು ಮೂಲೆಯ ದೇಗುಲ, ಬಾಗಿದ ಮಾಡು; ಲಾಂಛನ ಮಾತ್ರ ಆ ಹಳೆಯ ತಾವರೆಯ ಮೇಲಣ ಶಿಲುಬೆಯೇ. ೧೯೧೯ರ ಚೀನೀ ಬೈಬಲಿನಲ್ಲಿ ಯೋಹಾನನ ಸುವಾರ್ತೆಯ ಆರಂಭದ ‘ವಾಕ್ಯ’ ಎಂಬ ಪದಕ್ಕೆ ‘ದಾವ್’ ಎಂದೇ ಹಾಕಿದ್ದಾರೆ. ಆ ಬೆಟ್ಟದ ಹೆಸರಿನ ಮೊದಲ ಮಾತೂ ಅದೇ.

ಇಷ್ಟೆಲ್ಲ ಆದ ಮೇಲೆ ಚೀನೀ ಕ್ರೈಸ್ತರು ಸಂತೋಷದಿಂದ ಈ ಕಲೆಯನ್ನು ಅಪ್ಪಿಕೊಂಡರೆಂದು ನಾವು ಭಾವಿಸಬಹುದು. ಹಾಗಾಗಲಿಲ್ಲ. ಅನೇಕ ಭಕ್ತರಿಗೆ ಇದು ಹಿಡಿಸಲೇ ಇಲ್ಲ. ಹೊಂಗೂದಲಿನ, ನೀಲಿ ಕಣ್ಣಿನ ಯೇಸುವೇ ನಿಜವಾದ ಯೇಸು; ತಾವರೆ, ಮೋಡ, ಬಾಗಿದ ಮಾಡು ಇವು ತಾವು ಬಿಟ್ಟು ಬಂದ ಗುಡಿಯವು ಎಂದು ಅವರು ಹೇಳಿದರು. ಇದರಲ್ಲಿ ವಿಚಾರಮಾಡತಕ್ಕ ಅಂಶವಿದೆ. ಚೀನೀಯರು ಚೀನೀಯರಾಗಿಯೇ ಇರಬೇಕೆಂದು ಅವರಿಗೆ ಹೇಳಿದವರು ಇಟಲಿಯವರು, ನಾರ್ವೆಯವರು! ಅವರ ಉದ್ದೇಶ ಒಳ್ಳೆಯದೇ. ಆದರೆ ತನ್ನ ಮನೆಯವರನ್ನೂ ಗುಡಿಯನ್ನೂ ತೊರೆದು, ನಿಂದೆ ಸಹಿಸಿ ಹೊಸ ಮತಕ್ಕೆ ಬಂದವನಿಗೆ ಹಳೆಯ ಸಂಕೇತ ಸುಂದರವಾಗಿ ಕಾಣುವ ಮುನ್ನ ನೋವಾಗಿ ಕಾಣುತ್ತದೆ. ಬೆಸುಗೆಯ ಚೆಲುವನ್ನು ಹೊಗಳುವ ನಾವು ಆ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ವಿಮರ್ಶೆ ಪೂರ್ಣವಾಗುವುದಿಲ್ಲ.

೫. ನಾನ್‌ಜಿಂಗಿನ ಕಾಗದ ಮತ್ತು ಕತ್ತರಿ

೧೯೬೬ರಿಂದ ೧೯೭೬ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಚೀನಾದ ಎಲ್ಲ ಇಗರ್ಜಿಗಳೂ ಮುಚ್ಚಿದವು. ಬೌದ್ಧ, ದಾವ್ ಗುಡಿಗಳಿಗೂ ಅದೇ ಗತಿ. ಶಿಲುಬೆಯೂ ತಾವರೆಯೂ ಒಟ್ಟಿಗೇ ಹಳೆಯ ಕಸವೆನಿಸಿದವು. ೧೯೭೯ರಿಂದ ಇಗರ್ಜಿಗಳು ಮತ್ತೆ ತೆರೆದವು. ೧೯೮೧ರಲ್ಲಿ ನಾನ್‌ಜಿಂಗಿನ ದೇವಜ್ಞಾನ ವಿದ್ಯಾಲಯ ಪುನಃ ಪ್ರಾರಂಭವಾಯಿತು. ಈ ವಿದ್ಯಾಲಯದಲ್ಲಿ ಕ್ರೈಸ್ತ ಕಲೆಯನ್ನು ಬೋಧಿಸಿದ ಹೆ ಚಿ ಇಂದು ಈ ಬೆಸುಗೆಯ ಕಲಾವಿದರಲ್ಲಿ ಲೋಕಪ್ರಸಿದ್ಧರು. ಕ್ರಾಂತಿಯ ದಿನಗಳಲ್ಲಿ ಹಳ್ಳಿಗೆ ಅಟ್ಟಲ್ಪಟ್ಟ ಈ ತರುಣ, ಕಠಿಣ ದುಡಿಮೆಯಿಂದ ತಪ್ಪಿಸಿಕೊಳ್ಳಲು ಮಾವೊರ ಭಾವಚಿತ್ರಗಳನ್ನು ಬರೆಯುತ್ತಿದ್ದರು. ಹಳೆಯ ಪತ್ರಿಕೆಯೊಂದರಲ್ಲಿ ರಫಾಯೆಲನ ಮರಿಯಳ ಚಿತ್ರ ಕಣ್ಣಿಗೆ ಬಿದ್ದಿತು. ಹಗಲು ಮಾವೊ, ಇರುಳು ಮರಿಯ, ಹೀಗೆ ಬರೆದುದಾಗಿ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಅಮೆರಿಕೆಯಲ್ಲಿ ನೆಲಸಿದರು.

ಹೆ ಚಿಯವರ ಚಿತ್ರಗಳಿಗೂ ಚೆನ್ ಯುವಾನ್‌ದುವಿನ ಚಿತ್ರಗಳಿಗೂ ಇರುವ ಅಂತರವೇ ಒಂದು ಪಾಠ. ಚೆನ್ ಬಳಸಿದುದು ಪಂಡಿತರ ಶೈಲಿ: ನವುರಾದ ಗೆರೆ, ತೆಳುಬಣ್ಣ, ರೇಷ್ಮೆ. ಹೆ ಚಿ ಬಳಸುವುದು ಹಳ್ಳಿಗರ ಶೈಲಿ. ಹೊಸವರ್ಷದ ಪಟಗಳ ಗಾಢವಾದ ಬಣ್ಣ, ಕಾಗದ ಕತ್ತರಿಸಿ ಮಾಡುವ ಚಿತ್ರಗಳ ದಪ್ಪ ಅಂಚು, ನಾಟಕದವರ ಬಣ್ಣ ಬಳಿದ ಮುಖಗಳ ನೀಳವಾದ ಕಣ್ಣು ಇವು ಅವರ ಕೃತಿಗಳಲ್ಲಿ ಎದ್ದು ಕಾಣುತ್ತವೆ. ಯಕ್ಷಗಾನದ ಬಣ್ಣಗಾರಿಕೆಯನ್ನು ಕಂಡವರಿಗೆ ಈ ಮುಖಗಳ ಗತ್ತು ಕೂಡಲೆ ಅರ್ಥವಾಗುತ್ತದೆ. ಕಪ್ಪು ಗೆರೆಗಳ ನಡುವೆ ಬಣ್ಣ ತುಂಬಿದ ರೀತಿಯಲ್ಲಿ ಯೂರೋಪಿನ ದೇವಾಲಯಗಳ ಬಣ್ಣದ ಗಾಜಿನ ನೆನಪೂ ಇದೆ. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಚೀನಾದ ಕ್ರೈಸ್ತ ಸಮುದಾಯ ಬಹುವಾಗಿ ಬೆಳೆದುದು ಹಳ್ಳಿಗಳಲ್ಲಿ. ಚೆನ್ನನ ಮರಿಯ ವಿದ್ವಾಂಸರ ಮನೆಯವಳು. ಹೆ ಚಿಯವರ ಮರಿಯ ಸುಗ್ಗಿಯ ಹಬ್ಬಕ್ಕೆ ಬಂದವಳು. ಚೀನೀ ಸಂಸ್ಕೃತಿ ಎಂಬುದು ಒಂದೇ ಒಂದಲ್ಲ. ಯಾರ ಚೀನಾ ಎಂದು ಕೇಳಬೇಕಾಗುತ್ತದೆ.

ನಾನ್‌ಜಿಂಗಿನ ಇನ್ನೊಬ್ಬ ಕಲಾವಿದೆ ಫಾನ್ ಪು. ಇವರ ಸಾಧನ ಕಾಗದ ಮತ್ತು ಕತ್ತರಿ. ನಮ್ಮಲ್ಲಿ ಹೆಂಗಸರು ಹಬ್ಬದ ದಿನ ಅಂಗಳದಲ್ಲಿ ರಂಗೋಲಿ ಇಡುವಂತೆ, ಚೀನಾದಲ್ಲಿ ಹೆಂಗಸರು ಹೊಸವರ್ಷಕ್ಕೆ ಕೆಂಪು ಕಾಗದವನ್ನು ಕತ್ತರಿಸಿ ಹೂವು, ಹಕ್ಕಿ, ಮೀನುಗಳನ್ನು ಮಾಡಿ ಕಿಟಕಿಗೆ ಅಂಟಿಸುತ್ತಾರೆ. ಫಾನ್ ಪು ಈ ಕಲೆಯಲ್ಲಿ ಬೈಬಲಿನ ಪ್ರಸಂಗಗಳನ್ನು ಬಿಡಿಸಿದ್ದಾರೆ. ಈ ಕಲೆಯ ಕಟ್ಟುನಿಟ್ಟಾದ ನಿಯಮವೊಂದಿದೆ: ಇಡಿಯ ಚಿತ್ರ ಒಂದೇ ಹಾಳೆಯಲ್ಲಿರಬೇಕು; ಪ್ರತಿಯೊಂದು ಎಸಳೂ ಪಕ್ಕದ್ದಕ್ಕೆ ಎಲ್ಲಿಯಾದರೂ ಒಂದೆಡೆ ತಾಗಿಕೊಂಡಿರಬೇಕು. ತಾಗದಿದ್ದುದು ಉದುರಿಹೋಗುತ್ತದೆ. ಶಿಲುಬೆ ಇಲ್ಲಿ ಹೂವಿಗೂ ಹಕ್ಕಿಗೂ ತಾಗಿಕೊಂಡೇ ನಿಲ್ಲಬೇಕು. ಇದು ಕಲಾವಿದೆ ಸೇರಿಸಿದ ಅಲಂಕಾರವಲ್ಲ, ಕೆಲಸದ ಸ್ವಭಾವವೇ ಹಾಗೆ. ಇಂಥ ಕಡೆ ಚೀನೀ ರೂಪ ಕ್ರೈಸ್ತ ವಸ್ತುವಿಗೆ ಉಡುಗೆಯಾಗಿ ಉಳಿಯದೆ ಅದರ ಮಾತೇ ಆಗುತ್ತದೆ.

ನಾನು ಹೇಳಬೇಕೆಂದಿರುವ ಒರೆಗಲ್ಲು ಇದೇ. ಚಿತ್ರದಿಂದ ಚೀನೀ ಅಂಶವನ್ನು ತೆಗೆದುಹಾಕಿದರೂ ಅರ್ಥ ಉಳಿಯುವುದಾದರೆ ಅದು ವೇಷ. ತೆಗೆದರೆ ಅರ್ಥವೇ ಬದಲಾಗುವುದಾದರೆ ಅದು ಬೆಸುಗೆ.

೬. ಪೂಜೆಯ ಹೊರಗೆ

ಇತ್ತೀಚಿನ ಚೀನೀ ಕಲೆಯಲ್ಲಿ ಕ್ರೈಸ್ತ ಸಂಕೇತಗಳು ಪೂಜೆಯ ಹೊರಗೂ ಬಂದಿವೆ. ಊಹಾನಿನಲ್ಲಿ ಹುಟ್ಟಿದ ಝೆಂಗ್ ಫಾನ್‌ಜಿ ೨೦೦೧ರಲ್ಲಿ ಬರೆದ ‘ಕಡೆಯ ಭೋಜನ’ ಲಿಯೊನಾರ್ದೊನ ಪ್ರಸಿದ್ಧ ಚಿತ್ರದ ಏರ್ಪಾಟನ್ನೇ ಅನುಸರಿಸುತ್ತದೆ. ಆದರೆ ಮೇಜಿನ ಸುತ್ತ ಇರುವ ಹದಿಮೂವರೂ ಮುಖವಾಡ ಧರಿಸಿದ್ದಾರೆ. ಶಾಲಾಮಕ್ಕಳ ದಳದ ಕೆಂಪು ಕೊರಳವಸ್ತ್ರ ಕಟ್ಟಿದ್ದಾರೆ. ಮೇಜಿನ ಮೇಲೆ ರೊಟ್ಟಿಗೆ ಬದಲಾಗಿ ಕಲ್ಲಂಗಡಿಯ ಹೋಳುಗಳು. ಗೋಡೆಯ ಮೇಲೆ ಚೀನೀ ಅಕ್ಷರಗಳ ಪಟಗಳು. ಯೂದನೊಬ್ಬನ ಕೊರಳಲ್ಲಿ ಮಾತ್ರ ಕೆಂಪು ವಸ್ತ್ರವಿಲ್ಲ. ಹೊಂಬಣ್ಣದ ಟೈ ಇದೆ. ಹಳೆಯ ಆದರ್ಶವನ್ನು ಹಣಕ್ಕೆ ಮಾರಿದವನಾರು ಎಂಬ ಪ್ರಶ್ನೆ ಈ ಟೈನಲ್ಲಿ ನೇತಾಡುತ್ತಿದೆ. ಇದೇ ಚಿತ್ರ ೨೦೧೩ರಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ ೧೮ ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮೀರಿ ಮಾರಾಟವಾದುದು ವಿಧಿಯ ವಿನೋದವೆನ್ನಬೇಕು. ಇಲ್ಲಿ ನಮ್ಮ ಒರೆಗಲ್ಲನ್ನು ತಿರುಗಿಸಿ ಹಿಡಿಯಬಹುದು. ಕ್ರೈಸ್ತ ಚೌಕಟ್ಟನ್ನು ತೆಗೆದರೆ ದ್ರೋಹದ ಅರ್ಥ ಹೋಗುತ್ತದೆ. ಕೆಂಪು ವಸ್ತ್ರವನ್ನು ತೆಗೆದರೆ ಯಾರ ದ್ರೋಹವೆಂಬುದು ಹೋಗುತ್ತದೆ. ಆದುದರಿಂದ, ಭಕ್ತಿಚಿತ್ರವಲ್ಲದಿದ್ದರೂ, ಇದು ನಿಜವಾದ ಬೆಸುಗೆ.

ಗಾವ್ ಸೋದರರು ೨೦೦೯ರಲ್ಲಿ ರಚಿಸಿದ ಕಂಚಿನ ಪ್ರತಿಮೆಗಳ ಗುಂಪಿನಲ್ಲಿ ಯೇಸುವಿನ ಎದುರು ಬಂದೂಕು ಹಿಡಿದು ನಿಂತವರೆಲ್ಲರಿಗೂ ಮಾವೊರ ಮುಖ. ಸೋದರರಲ್ಲಿ ಹಿರಿಯರಾದ ಗಾವ್ ಝೆನ್ ೨೦೨೪ರಲ್ಲಿ ಚೀನಾದಲ್ಲಿ ಬಂಧಿತರಾದರು. ಮಾವೊರನ್ನು ಕುರಿತ ಅವರ ಹಳೆಯ ಕೃತಿಗಳೇ ಅದಕ್ಕೆ ಕಾರಣವಾದವು. ಇವರಿಗೆ ತೀರ ಬೇರೆಯಾದ ಹಾದಿ ಚಿಂಗ್‌ಹುವಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರೂ ಕವಿಗಳೂ ಆದ ದಾವ್ ತ್ಸು ಅವರದು. ಅವರು ಮಸಿ ಮತ್ತು ನೀರಿನ ಹಳೆಯ ಪದ್ಧತಿಯನ್ನೇ ಹಿಡಿದು, ಅದಕ್ಕೆ ಪವಿತ್ರ ಮಸಿಚಿತ್ರ ಎಂಬರ್ಥದ ಹೆಸರು ಕೊಟ್ಟಿದ್ದಾರೆ. ಚೀನೀ ಮಸಿಚಿತ್ರದಲ್ಲಿ ಬರೆಯದೆ ಬಿಟ್ಟ ಬಿ‌ಳಿಯ ಜಾಗಕ್ಕೆ ಬರೆದ ಭಾಗದಷ್ಟೇ ಬೆಲೆಯುಂಟು. ರೂಪವಿಲ್ಲದುದನ್ನು ತೋರಿಸಬೇಕಾದ ಚಿತ್ರಕಾರನಿಗೆ ಇದಕ್ಕಿಂತ ಉಚಿತವಾದ ಸಾಧನ ಯಾವುದು?

೭. ಅಪ್ಪಣೆಯ ತಾವರೆ

ಈ ಇತಿಹಾಸ ಈಗ ವಿಚಿತ್ರವಾದ ತಿರುವನ್ನು ಪಡೆದಿದೆ. ೨೦೧೪ರಿಂದ ೨೦೧೬ರವರೆಗೆ ಝೆಜಿಯಾಂಗ್ ಪ್ರಾಂತದಲ್ಲಿ ಸಾವಿರಕ್ಕೂ ಹೆಚ್ಚು ಇಗರ್ಜಿಗಳ ಮೇಲಣ ಶಿಲುಬೆಗಳನ್ನು ಅಧಿಕಾರಿಗಳು ಇಳಿಸಿದರು. ೨೦೧೫ರಲ್ಲಿ ಅಧ್ಯಕ್ಷ ಶಿ ಜಿನ್‌ಪಿಂಗ್ ಎಲ್ಲ ಮತಗಳೂ ಚೀನೀಯವಾಗಬೇಕೆಂದು ಕರೆಕೊಟ್ಟರು. ಸರಕಾರದ ಮನ್ನಣೆ ಪಡೆದ ಪ್ರಾಟೆಸ್ಟೆಂಟ್ ಸಂಸ್ಥೆಗಳು ೨೦೧೮ರಿಂದ ೨೦೨೨ರವರೆಗಿನ ಪಂಚವಾರ್ಷಿಕ ಯೋಜನೆಯಲ್ಲಿ ಚೀನೀ ಶೈಲಿಯ ವಾಸ್ತು, ಸಂಗೀತ, ಚಿತ್ರಕಲೆಗಳನ್ನು ಪ್ರೋತ್ಸಾಹಿಸುವುದಾಗಿ ಸಾರಿದವು. ಚೆನ್ ಯುವಾನ್‌ದು, ಫಾನ್ ಪು ಮೊದಲಾದವರು ಒಲಿದು ಮಾಡಿದುದು ಈಗ ಸರಕಾರದ ನೀತಿಯಾಗಿದೆ.

ಫಲ ಒಂದೇ ಅಲ್ಲವೆ, ಹೇಗೆ ಬಂದರೇನು ಎಂದು ಕೆಲವರು ಕೇಳಬಹುದು. ಹಾಗಲ್ಲ. ಶಿಲುಬೆಯನ್ನು ಗೋಪುರದಿಂದ ಇಳಿಸಿದ ಕೈಯೇ ತಾವರೆಯನ್ನು ಬರೆಯೆಂದು ಹೇಳಿದಾಗ ಆ ತಾವರೆಯ ಅರ್ಥ ಬದಲಾಗುತ್ತದೆ. ಹಿಂದೆ ಅದು, ನಾನು ಕ್ರೈಸ್ತನಾಗಿಯೂ ನಿಮ್ಮವನೇ ಎಂದು ನೆರೆಯವರಿಗೆ ಹೇಳುವ ಮಾತಾಗಿತ್ತು. ಈಗ ಅದು ವಿಧೇಯತೆಯ ರುಜುವಾಗುವ ಭಯವಿದೆ. ಸಂಕೇತದ ಅರ್ಥ ಬಳಸುವವರ ರೂಢಿಯಲ್ಲಿದೆ ಎಂದು ಮೊದಲೇ ಹೇಳಿದೆನಷ್ಟೆ. ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಆ ಅರ್ಥದ ಒಂದು ಪಾಲು. ಒಲ್ಲೆನೆನ್ನುವ ಸ್ವಾತಂತ್ರ್ಯವಿಲ್ಲದ ಕಡೆ ಒಪ್ಪಿಗೆಗೆ ಬೆಲೆಯಿಲ್ಲ. ಹೊಂಗೂದಲಿನ ಯೇಸುವೇ ತನಗೆ ಬೇಕೆಂದ ಆ ಹಳೆಯ ಭಕ್ತನ ಹಟಕ್ಕೂ ಈ ಕಾರಣದಿಂದ ನಾವು ಗೌರವ ಕೊಡಬೇಕು.

ಈ ಪ್ರಶ್ನೆ ಚೀನಾ ಒಂದಕ್ಕೇ ಸೇರಿದುದಲ್ಲ. ಬೆಂಗಳೂರಿನ ಹೊರಗಿನ ಸಿಲ್ವೇಪುರದಲ್ಲಿ ನೆಲಸಿ, ಭಾರತೀಯ ಸಂಕೇತಗಳಲ್ಲಿ ಕ್ರೈಸ್ತ ವಸ್ತುವನ್ನು ಬರೆದ ಜ್ಯೋತಿ ಸಾಹಿಯವರ ಕೃತಿಗಳನ್ನು ಇವುಗಳ ಜೊತೆಯಲ್ಲಿಟ್ಟು ನೋಡುವ ಅವಕಾಶ ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಇದೆ. ಅದು ಬೇರೆಯೇ ಲೇಖನದ ವಿಷಯ.

ಕೊನೆಯದಾಗಿ ಒಂದು ಕಲಾಪ್ರಕಾರವನ್ನು ಹೆಸರಿಸಬೇಕು. ಅದಕ್ಕೆ ಕಲಾವಿದನ ಸಹಿಯಿಲ್ಲ, ಹರಾಜಿನ ಬೆಲೆಯಿಲ್ಲ. ಚೀನಾದಲ್ಲಿ ಹೊಸವರ್ಷಕ್ಕೆ ಪ್ರತಿ ಮನೆಯ ಬಾಗಿಲಿನ ಎರಡು ಪಕ್ಕದಲ್ಲೂ ಮೇಲೂ ಶುಭವಾಕ್ಯಗಳ ಕೆಂಪು ಕಾಗದವನ್ನು ಅಂಟಿಸುವ ಪದ್ಧತಿಯಿದೆ. ಮಂಗಳವನ್ನು ಸೂಚಿಸುವ ‘ಫು’ ಎಂಬ ಅಕ್ಷರವಂತೂ ಎಲ್ಲೆಲ್ಲೂ ಕಾಣುತ್ತದೆ. ಚೀನೀ ಭಾಷೆಯಲ್ಲಿ ಸುವಾರ್ತೆಗೆ ಹೇಳುವ ‘ಫುಯಿನ್’ ಎಂಬ ಪದದ ಮೊದಲಕ್ಷರ ಇದೇ. ಹಳ್ಳಿಯ ಕ್ರೈಸ್ತರು ಅದೇ ಕೆಂಪು ಕಾಗದದ ಮೇಲೆ ಒಂದು ಶಿಲುಬೆಯನ್ನು ಬರೆದು, ಬಾಗಿಲ ಮೇಲೆ ‘ಇಮ್ಮಾನುವೇಲ್’, ಅಂದರೆ ದೇವರು ನಮ್ಮ ಸಂಗಡ ಇದ್ದಾನೆ, ಎಂಬ ಮಾತನ್ನು ಚೀನೀ ಅಕ್ಷರಗಳಲ್ಲಿ ಅಂಟಿಸುತ್ತಾರೆ. ದಾರಿಯಲ್ಲಿ ಹೋಗುವವನಿಗೆ ಅದು ನೆರೆಮನೆಯ ಬಾಗಿಲಿನಂತೆಯೇ ಹಬ್ಬದ ಬಾಗಿಲು; ಹತ್ತಿರ ಬಂದು ಓದಿದವನಿಗೆ ಬೇರೊಂದು ಮಾತು. ಪೋಪರ ಪ್ರತಿನಿಧಿ ಅದನ್ನು ಬರೆಯೆಂದು ಹೇಳಲಿಲ್ಲ, ಸರಕಾರವೂ ಹೇಳಲಿಲ್ಲ. ಬಿಸಿಲಿಗೂ ಮಳೆಗೂ ಸಿಕ್ಕಿ ವರ್ಷ ಕಳೆಯುವುದರೊಳಗೆ ಆ ಕಾಗದದ ಬಣ್ಣ ಹೋಗುತ್ತದೆ. ಮುಂದಿನ ಹೊಸವರ್ಷಕ್ಕೆ ಮನೆಯವರು ಅದನ್ನು ಕಿತ್ತು ಹೊಸದನ್ನು ಅಂಟಿಸುತ್ತಾರೆ.